ಬಿಸಿಲಿನ ಬಲದಿಂದ ಬಾವಿಯ ನೀರನ್ನೆತ್ತುವ ಗಾಳಿಯಂತ್ರ: ಅದರ ಅಂಗಗಳೂ ಅವುಗಳ ಪಾಲನೆಯೂ

ಪೀಠಿಕೆ

ಮಳೆಯನ್ನು ನಂಬಲಾಗದ ಬಯಲುಸೀಮೆಯಲ್ಲಿ ಬಾವಿಯೇ ರೈತನ ಜೀವಾಧಾರವೆಂಬುದು ಎಲ್ಲರೂ ಬಲ್ಲ ವಿಷಯ. ಹಿಂದಿನ ಕಾಲದಲ್ಲಿ ಏತದಿಂದಲೂ ಕಪಿಲೆಯಿಂದಲೂ ಎತ್ತುತ್ತಿದ್ದ ನೀರು ಕೆಲವು ಮಾರುಗಳೊಳಗೇ ಸಿಕ್ಕುತ್ತಿತ್ತು. ಈಗ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳಲ್ಲಿ ತೆರೆದ ಬಾವಿಗಳು ಬಹುಮಟ್ಟಿಗೆ ಬತ್ತಿಹೋಗಿ, ಕೊಳವೆ ಬಾವಿಗಳು ನೂರಾರು ಅಡಿ ಆಳಕ್ಕೆ ಇಳಿದಿವೆ. ಕೆಲವೆಡೆ ಸಾವಿರ ಅಡಿಯನ್ನೂ ಮೀರಿವೆ. ಸಾಲ ಮಾಡಿ ಕೊರೆಯಿಸಿದ ಬಾವಿಯಲ್ಲಿ ನೀರು ಅಲ್ಪವಾಗಿ ಬಂದಾಗಲೂ, ಮರಳು ಬಂದು ಪಂಪು ಸವೆದಾಗಲೂ, ನೀರಿಲ್ಲದೆ ತಿರುಗಿದ ಮೋಟಾರು ಸುಟ್ಟುಹೋದಾಗಲೂ ರೈತನಿಗೆ ಆಗುವ ನಷ್ಟ ಅಷ್ಟಿಷ್ಟಲ್ಲ.

ಇಂತಹ ಬಾವಿಗಳಿಗೆ ಗಾಳಿಯನ್ನು ಅದುಮಿ ಕಳುಹಿಸಿ ನೀರನ್ನು ಮೇಲೆತ್ತುವ ಕ್ರಮವೊಂದುಂಟು. ಅದನ್ನು ನಡೆಸುವ ಯಂತ್ರಕ್ಕೆ ಜನರು ಕಂಪ್ರೆಸರ್ ಎನ್ನುತ್ತಾರೆ. ವಿದ್ಯುತ್ತಂತಿ ಬಾರದ ಹೊಲಗಳಲ್ಲಿಯೂ, ಬಂದರೂ ರಾತ್ರಿಯ ಹೊತ್ತಿನಲ್ಲಿ ಮಾತ್ರ ವಿದ್ಯುತ್ತು ದೊರೆಯುವೆಡೆಗಳಲ್ಲಿಯೂ ಈ ಯಂತ್ರವನ್ನು ಬಿಸಿಲಿನಿಂದಲೇ ನಡೆಯಿಸಬಹುದು. ಆದರೆ ಈ ಏರ್ಪಾಡು ಎಲ್ಲ ಬಾವಿಗಳಿಗೂ ಒಗ್ಗತಕ್ಕದ್ದಲ್ಲ. ಒಗ್ಗದ ಬಾವಿಗೆ ಇದನ್ನು ಹಾಕಿಸಿದರೆ ಫಲಕ, ಯಂತ್ರ, ಕೊಳವೆಗಳಿಗೆ ಸುರಿದ ಹಣವೆಲ್ಲವೂ ಗಾಳಿಯ ಪಾಲೇ ಆಗುವುದು. ಆದುದರಿಂದ ಇದರ ಅಂಗಗಳು ಯಾವುವು, ಒಂದೊಂದರ ಕೆಲಸವೇನು, ಹಣ ತೆರುವುದಕ್ಕೆ ಮೊದಲು ನೋಡಿಕೊಳ್ಳಬೇಕಾದ ಲೆಕ್ಕ ಯಾವುದು ಎಂಬುದನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

ಗಾಳಿಯು ನೀರನ್ನು ಎತ್ತುವ ಬಗೆ

ಒಲೆಯ ಮೇಲಿಟ್ಟ ಹಾಲು ಕಾಯ್ದು ಉಕ್ಕುವುದನ್ನು ಕಾಣದವರಿಲ್ಲ. ಪಾತ್ರೆಯಲ್ಲಿ ಹಾಲು ಹೆಚ್ಚಿದುದಿಲ್ಲ. ಅದರೊಳಗೆ ಗುಳ್ಳೆಗಳು ಸೇರಿ ಹಗುರವಾಗಿ, ಅದು ಅಂಚನ್ನು ದಾಟಿ ಹೊರಕ್ಕೆ ಬರುವುದು. ಬಾವಿಯೊಳಗೆ ನಡೆಯುವುದೂ ಹೆಚ್ಚುಕಡಮೆ ಇದೇ. ಬಾವಿಯೊಳಕ್ಕೆ ಎರಡು ಕೊಳವೆಗಳನ್ನು ಇಳಿಬಿಡುವರು. ಒಂದು ಸಣ್ಣದು, ಗಾಳಿಗೆ. ಇನ್ನೊಂದು ದೊಡ್ಡದು, ನೀರಿಗೆ. ಗಾಳಿ ಕೊಳವೆಯ ತುದಿಯು ನೀರು ಕೊಳವೆಯ ಬುಡಕ್ಕೆ ಸೇರಿಕೊಂಡಿರುವುದು. ಮೇಲಿನಿಂದ ಅದುಮಿ ಕಳುಹಿಸಿದ ಗಾಳಿಯು ಬುಡದಲ್ಲಿ ಗುಳ್ಳೆಗಳಾಗಿ ಹೊರಟು ನೀರು ಕೊಳವೆಯೊಳಗೆ ಏರುವುದು. ಆಗ ಕೊಳವೆಯ ಒಳಗಿನದು ಗಾಳಿ ಬೆರೆತ ಹಗುರವಾದ ನೀರು. ಹೊರಗೆ ಬಾವಿಯಲ್ಲಿರುವುದು ಭಾರವಾದ ನೀರು. ತಕ್ಕಡಿಯಲ್ಲಿ ಭಾರವಾದ ತಟ್ಟೆ ಇಳಿದು ಹಗುರವಾದ ತಟ್ಟೆ ಏರುವಂತೆ, ಹೊರಗಿನ ನೀರು ಬುಡದಿಂದ ಒಳನುಗ್ಗಿ ಒಳಗಿನ ನೀರನ್ನು ಮೇಲಕ್ಕೆ ತಳ್ಳುವುದು.

ಈ ಉಪಾಯವು ಹೊಸದಲ್ಲ. ಜರ್ಮನಿ ದೇಶದ ಕಾರ್ಲ್ ಲೋಷರ್ ಎಂಬಾತನು 1797ರಲ್ಲಿಯೇ ಇದನ್ನು ವಿವರಿಸಿದನು. ಇದರ ದೊಡ್ಡ ಗುಣವೇನೆಂದರೆ ಬಾವಿಯೊಳಗೆ ತಿರುಗುವ ಭಾಗವಾಗಲಿ, ಸವೆಯುವ ಚಕ್ರವಾಗಲಿ, ವಿದ್ಯುತ್ತಿನ ತಂತಿಯಾಗಲಿ ಒಂದೂ ಇರುವುದಿಲ್ಲ. ಯಂತ್ರವೆಲ್ಲವೂ ನೆಲದ ಮೇಲೆ ಕಣ್ಣೆದುರಿಗೇ ಇರುವುದು. ಮರಳು ಬಂದರೆ ನೀರಿನೊಡನೆ ಹೊರಕ್ಕೆ ಹೋಗುವುದು. ಬಾವಿಯ ನೀರು ಕೆಳಗಿಳಿದರೆ ಹೊರಬೀಳುವ ನೀರು ಕಡಮೆಯಾಗುವುದೇ ಹೊರತು ಯಾವುದೂ ಸುಡುವುದಿಲ್ಲ.

ಮುಳುಗಡೆಯ ಲೆಕ್ಕ

ಮೇಲೆ ಹೇಳಿದ ತಕ್ಕಡಿಯ ಸಾಮ್ಯವನ್ನು ಮನಸ್ಸಿನಲ್ಲಿಟ್ಟರೆ ಮುಖ್ಯವಾದ ನಿಯಮವು ತಾನಾಗಿ ಹೊಳೆಯುವುದು. ಹೊರಗಿನ ನೀರಿನ ಭಾರವೇ ಒಳಗಿನ ನೀರನ್ನು ಎತ್ತತಕ್ಕದ್ದಾದುದರಿಂದ, ಗಾಳಿ ಹೊರಡುವ ಸ್ಥಳವು ನೀರಿನ ಮಟ್ಟದಿಂದ ಸಾಕಷ್ಟು ಕೆಳಗೆ ಮುಳುಗಿರಬೇಕು. ನೀರಿನ ಮಟ್ಟದಿಂದ ಗಾಳಿ ಹೊರಡುವ ಸ್ಥಳದವರೆಗಿನ ಆಳಕ್ಕೆ ಮುಳುಗಡೆಯೆಂದೂ, ನೀರಿನ ಮಟ್ಟದಿಂದ ಮೇಲೆ ನೀರು ಬೀಳುವ ಬಾಯಿಯವರೆಗಿನ ಎತ್ತರಕ್ಕೆ ಎತ್ತುವಳಿಯೆಂದೂ ಇಲ್ಲಿ ಹೆಸರಿಟ್ಟಿದೆ. ಇಲ್ಲಿ ನೀರಿನ ಮಟ್ಟವೆಂದರೆ ಬೆಳಗ್ಗೆ ನಿಂತ ನೀರಿನ ಮಟ್ಟವಲ್ಲ. ನೀರೆತ್ತುತ್ತಿರುವಾಗ ಇಳಿದು ನಿಲ್ಲುವ ಮಟ್ಟ. ಈ ಎರಡನ್ನೂ ಒಂದೇ ಎಂದು ಭಾವಿಸಿ ಕೆಟ್ಟವರು ಅನೇಕರು.

ಕೊಳವೆಯ ಒಟ್ಟು ಉದ್ದದಲ್ಲಿ ನೂರಕ್ಕೆ 60ರಿಂದ 70 ಪಾಲು ಮುಳುಗಿದ್ದರೆ ಕೆಲಸವು ಚೆನ್ನಾಗಿ ನಡೆಯುವುದು. 50 ಪಾಲಾದರೆ ನಡೆಯುವುದು, ಆದರೆ ಗಾಳಿ ಹೆಚ್ಚು ಖರ್ಚಾಗುವುದು. 40 ಪಾಲಿಗಿಂತ ಕಡಮೆಯಾದರೆ ಗಾಳಿಯ ವ್ಯಯಕ್ಕೆ ತಕ್ಕ ನೀರು ಬಾರದು. ಹೀಗಿರುವಲ್ಲಿ, 40 ಅಡಿ ಆಳದ ತೆರೆದ ಬಾವಿಯ ತಳದಲ್ಲಿ ಐದಡಿ ನೀರಿದ್ದರೆ ಅಲ್ಲಿ ಈ ಏರ್ಪಾಡು ನಿಷ್ಪ್ರಯೋಜಕ. ಹಾಗೆಯೇ 1,000 ಅಡಿ ಕೊರೆದು 900 ಅಡಿಯಲ್ಲಿ ನೀರು ನಿಂತ ಬಾವಿಯಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರವೇ ಮುಳುಗಡೆ ದೊರೆಯುವುದರಿಂದ ಅಲ್ಲಿಯೂ ಇದು ಕೂಡದು. ಆಳವು ಸಾಕಷ್ಟಿದ್ದು, ನೀರಿನ ಮಟ್ಟವು ಮೇಲಿದ್ದು, ಬರುವ ನೀರು ಮಾತ್ರ ಸಣ್ಣದಾಗಿರುವ ಕೊಳವೆ ಬಾವಿಗೆ ಇದು ಹೇಳಿ ಮಾಡಿಸಿದಂತಿರುವುದು.

ಒಂದು ಉದಾಹರಣೆ

ಒಂದು ಕೊಳವೆ ಬಾವಿಯಲ್ಲಿ ನಿಂತ ನೀರು 60 ಅಡಿಯಲ್ಲಿದೆ. ನೀರೆತ್ತುವಾಗ ಅದು 80 ಅಡಿಗೆ ಇಳಿದು ನಿಲ್ಲುತ್ತದೆ. ಗಾಳಿಯನ್ನು 200 ಅಡಿಯಲ್ಲಿ ಬಿಡಲಾಗಿದೆ ಎಂದಿಟ್ಟುಕೊಳ್ಳೋಣ. ಆಗ ಎತ್ತುವಳಿ 80 ಅಡಿ, ಮುಳುಗಡೆ 120 ಅಡಿ. ಅಂದರೆ ಒಟ್ಟು 200 ಅಡಿಯಲ್ಲಿ ನೂರಕ್ಕೆ 60 ಪಾಲು ಮುಳುಗಿರುವುದು.

ಒಂದು ಅಡಿ ನೀರು ಚದರ ಅಂಗುಲಕ್ಕೆ 0.433 ಪೌಂಡಿನ ಒತ್ತಡವನ್ನುಂಟುಮಾಡುವುದು. ಗಾಳಿಯು ಹೊರಡಬೇಕಾದರೆ ಅದರ ಒತ್ತಡವು ಈ ನೀರಿನ ಒತ್ತಡವನ್ನು ಗೆಲ್ಲಬೇಕು. ಮೊದಲು ಹೊರಡಿಸುವಾಗ ನೀರು 60 ಅಡಿಯಲ್ಲಿ ನಿಂತಿರುವುದರಿಂದ 140 ಅಡಿ ನೀರನ್ನು ಗೆಲ್ಲಲು 61 ಪೌಂಡು ಬೇಕು. ನೀರು ಹರಿಯತೊಡಗಿ ಮಟ್ಟವು 80 ಅಡಿಗೆ ಇಳಿದ ಮೇಲೆ 52 ಪೌಂಡು ಸಾಕು. ಮಳೆಗಾಲದಲ್ಲಿ ನೀರು 20 ಅಡಿಗೆ ಏರಿತೆಂದರೆ ಹೊರಡಿಸುವುದಕ್ಕೆ 78 ಪೌಂಡು ಬೇಕಾಗುವುದು. ಕೊಳವೆಗಳ ಘರ್ಷಣೆಗಾಗಿ ಇವುಗಳ ಮೇಲೆ ಕೆಲವು ಪೌಂಡುಗಳನ್ನು ಸೇರಿಸಬೇಕು. ಆದುದರಿಂದ ಇಂತಹ ಬಾವಿಗೆ 100 ಪೌಂಡಿನವರೆಗೆ ಒತ್ತಡವನ್ನು ಕೊಡಬಲ್ಲ ಯಂತ್ರವನ್ನೇ ಆರಿಸಬೇಕು. ಬೇಸಗೆಯ ಲೆಕ್ಕವನ್ನೇ ಹಿಡಿದು ಚಿಕ್ಕದನ್ನು ಕೊಂಡರೆ ಒಳ್ಳೆಯ ಮಳೆಯಾದ ವರ್ಷದಲ್ಲಿ ಅದು ಹೊರಡುವುದೇ ಇಲ್ಲ.

ಇನ್ನು ಗಾಳಿಯ ಪರಿಮಾಣ. ಈ ಬಾವಿಯಲ್ಲಿ ಒಂದು ಲೀಟರು ನೀರನ್ನೆತ್ತಲು ಹೊರಗಿನ ಸಾಮಾನ್ಯ ಗಾಳಿ ಸುಮಾರು ನಾಲ್ಕು ಲೀಟರು ಬೇಕು. ನಿಮಿಷಕ್ಕೆ 60 ಲೀಟರು ನೀರು ಬೇಕಾದರೆ ನಿಮಿಷಕ್ಕೆ 240 ಲೀಟರು, ಎಂದರೆ ಸುಮಾರು ಎಂಟೂವರೆ ಘನ ಅಡಿ ಗಾಳಿಯನ್ನು ಅದುಮಬೇಕು. ಇದಕ್ಕೆ ಎರಡು ಅಶ್ವಶಕ್ತಿಯ ಮೋಟಾರನ್ನು ಗೊತ್ತುಮಾಡಬಹುದು.

ಏರ್ಪಾಡಿನ ಅಂಗಗಳು

ಸೌರಫಲಕಗಳು. ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಇವನ್ನು ಜನರು ಸೋಲಾರ್ ಪ್ಯಾನೆಲ್ ಎನ್ನುತ್ತಾರೆ. ಇವುಗಳಲ್ಲಿರುವುದು ಸಿಲಿಕಾನ್ ಎಂಬ ಪದಾರ್ಥದ ತೆಳುವಾದ ಬಿಲ್ಲೆಗಳು. ಇಂತಹ ಬಿಲ್ಲೆಯನ್ನು ಉಪಯೋಗಕ್ಕೆ ಬರುವಂತೆ ಮೊದಲು ಮಾಡಿ ತೋರಿಸಿದುದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಫಲಕದ ಹಿಂದೆ ಬರೆದಿರುವ ವ್ಯಾಟ್ ಸಂಖ್ಯೆಯು ಪ್ರಖರವಾದ ಬಿಸಿಲಿನಲ್ಲಿ, ಬಿಲ್ಲೆಯು 25 ಡಿಗ್ರಿ ಉಷ್ಣದಲ್ಲಿರುವಾಗ ಅಳೆದದ್ದು. ಹೊಲದಲ್ಲಿ ನಡು ಹಗಲಿನ ಹೊತ್ತಿಗೆ ಫಲಕವು 60 ಡಿಗ್ರಿಯವರೆಗೆ ಕಾಯುವುದುಂಟು. ಕಾಯ್ದ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4 ಪಾಲು ಶಕ್ತಿ ಕುಂದುವುದರಿಂದ, ಅಷ್ಟರಲ್ಲಿಯೇ ನೂರಕ್ಕೆ 14 ಪಾಲು ನಷ್ಟ. ಧೂಳಿನ ನಷ್ಟವು ಬೇರೆ. ಆದುದರಿಂದ ಎರಡು ಅಶ್ವಶಕ್ತಿಯ ಮೋಟಾರಿಗೆ 2,200ರಿಂದ 2,500 ವ್ಯಾಟಿನಷ್ಟು ಫಲಕಗಳನ್ನು ಹಾಕಬೇಕು. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು, ಎಂದರೆ ನಮ್ಮಲ್ಲಿ ಸುಮಾರು 12ರಿಂದ 17 ಡಿಗ್ರಿಯಷ್ಟು ಓರೆಯಾಗಿರಬೇಕು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಮರದ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲಿನ ಶಕ್ತಿ ಕುಗ್ಗುವುದು. ತೆಂಗಿನ ತೋಟದ ನಡುವೆ ಬಾವಿಯಿದ್ದರೆ ಫಲಕಗಳನ್ನು ಬಯಲಿನಲ್ಲಿ ನಿಲ್ಲಿಸಿ ತಂತಿಯನ್ನು ತರುವುದೇ ಲೇಸು. ಗಾಳಿಗೆ ಕಿತ್ತುಹೋಗದಂತೆ ಕಂಬಗಳಿಗೆ ಗಾರೆಯ ಬುನಾದಿ ಅವಶ್ಯ.

ನಿಯಂತ್ರಕ. ಬಿಸಿಲು ಮೋಡಕ್ಕೆ ಸಿಕ್ಕಿ ಕ್ಷಣಕ್ಷಣಕ್ಕೂ ಹೆಚ್ಚುಕಡಮೆಯಾಗುವುದು. ಆಯಾ ಕ್ಷಣದಲ್ಲಿ ಫಲಕಗಳಿಂದ ದೊರೆಯುವಷ್ಟು ಶಕ್ತಿಯನ್ನು ಪೂರ್ತಿಯಾಗಿ ಸೆಳೆದು, ಅದಕ್ಕೆ ತಕ್ಕ ವೇಗದಲ್ಲಿ ಮೋಟಾರನ್ನು ಓಡಿಸುವುದೇ ನಿಯಂತ್ರಕದ ಕೆಲಸ. ಇಲ್ಲಿ ಒಂದು ವಿಷಯವನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು. ಅನೇಕ ಕಂಪ್ರೆಸರುಗಳಲ್ಲಿ ಒಳಗಿನ ದಂಡವು ಎಣ್ಣೆಯನ್ನು ಚಿಮ್ಮಿಸಿಯೇ ಭಾಗಗಳಿಗೆ ಜಿಡ್ಡನ್ನು ಒದಗಿಸುವುದು. ಯಂತ್ರವು ತೀರ ನಿಧಾನವಾಗಿ ತಿರುಗಿದರೆ ಎಣ್ಣೆ ಚಿಮ್ಮದೆ ಭಾಗಗಳು ಒಣಗಿ ಸವೆಯುವುವು. ಆದುದರಿಂದ ತಯಾರಕರು ಹೇಳಿದ ಕನಿಷ್ಠ ವೇಗಕ್ಕಿಂತ ಕೆಳಗಿಳಿದರೆ ಮೋಟಾರು ನಿಲ್ಲುವಂತೆ ನಿಯಂತ್ರಕವನ್ನು ಗೊತ್ತುಮಾಡಿಸಬೇಕು.

ಮೋಟಾರು. ಇದು ಪಟ್ಟಿಯ ಮೂಲಕ ಕಂಪ್ರೆಸರನ್ನು ತಿರುಗಿಸುವುದು. ಅರಳೆಯನ್ನು ಹಿಂಜಿದಂತೆ ಸುಲಭವಾಗಿ ಹೊರಡುವ ಕೆಲಸವಲ್ಲ ಇದು; ಒತ್ತಡ ತುಂಬಿದ ಕೊಂತದ ಎದುರಿಗೆ ಮೋಟಾರು ಹೊರಡಬೇಕಾದರೆ ಬಹಳ ಬಲ ಬೇಕು. ಮೋಡ ಬಂದು ನಿಂತು, ಮತ್ತೆ ಬಿಸಿಲು ಬಂದಾಗ ಹೊರಡಲಾರದೆ ಗುರುಗುಟ್ಟುವುದು ಬಿಸಿಲಿನ ಯಂತ್ರಗಳಲ್ಲಿ ಸಾಮಾನ್ಯವಾದ ತೊಂದರೆ. ಯಂತ್ರ ನಿಂತೊಡನೆ ಕೊಂತದ ಮೇಲಣ ಗಾಳಿಯನ್ನು ಹೊರಕ್ಕೆ ಬಿಟ್ಟು ಭಾರವನ್ನಿಳಿಸುವ ಸಣ್ಣ ಕವಾಟವೊಂದನ್ನು ಇದಕ್ಕಾಗಿಯೇ ಇಡುವರು. ಅದಿಲ್ಲದ ಕಂಪ್ರೆಸರನ್ನು ಬಿಸಿಲಿಗೆ ಕಟ್ಟಬಾರದು.

ಕಂಪ್ರೆಸರ್. ಕೊಂತವು ಕೆಳಗಿಳಿದಾಗ ಗಾಳಿಯನ್ನು ಒಳಕ್ಕೆ ಸೆಳೆದು, ಮೇಲೇರಿದಾಗ ಅದುಮಿ ಹೊರಕ್ಕೆ ತಳ್ಳುವುದು. ಸೈಕಲ್ಲಿನ ಪಂಪಿನ ಕೆಲಸವೂ ಇದೇ. ಬಹಳ ಹೊತ್ತು ಪಂಪು ಹೊಡೆದರೆ ಅದು ಕೈಗೆ ಬಿಸಿಯಾಗುವಂತೆ ಇಲ್ಲಿಯೂ ಗಾಳಿಯು ಕಾಯುವುದು. ಹೊರಡುವಾಗ 100 ಡಿಗ್ರಿಯನ್ನು ಮೀರುವುದುಂಟು. ಒತ್ತಡವು ಹೆಚ್ಚಾಗಿ ಬೇಕಾದೆಡೆಗಳಲ್ಲಿ ಒಂದೇ ಸಲಕ್ಕೆ ಅದುಮದೆ ಎರಡು ಹಂತಗಳಲ್ಲಿ ಅದುಮಿ, ನಡುವೆ ಗಾಳಿಯನ್ನು ತಣಿಸುವ ಯಂತ್ರಗಳು ಶಕ್ತಿಯನ್ನು ಉಳಿಸುವುವು. ಇನ್ನೊಂದು ಮಾತು: ಬೆಂಗಳೂರಿನಂತೆ ಸಮುದ್ರಮಟ್ಟಕ್ಕೆ 3,000 ಅಡಿ ಮೇಲಿರುವ ಊರುಗಳಲ್ಲಿ ಗಾಳಿಯೇ ನೂರಕ್ಕೆ ಸುಮಾರು ಹತ್ತು ಪಾಲು ತೆಳು. ಅಷ್ಟನ್ನು ಲೆಕ್ಕದಲ್ಲಿ ಸೇರಿಸಿ ಯಂತ್ರದ ಗಾತ್ರವನ್ನು ಆರಿಸುವುದು ಯುಕ್ತ. ಗಾಳಿ ಸೆಳೆಯುವ ಬಾಯಿಗೆ ಶೋಧಕವಿರಲೇಬೇಕು. ಕಣದ ಹೊಟ್ಟು, ಹೊಲದ ಧೂಳು ಒಳಹೊಕ್ಕರೆ ಕೊಂತದ ಬಳೆಗಳು ಬೇಗನೆ ಸವೆಯುವುವು.

ಗಾಳಿಯ ತೊಟ್ಟಿ. ಅದುಮಿದ ಗಾಳಿಯು ಮೊದಲು ಸೇರುವ ಉಕ್ಕಿನ ಪಾತ್ರೆಯಿದು. ಯಂತ್ರದ ಬಡಿತವನ್ನು ಸಮಗೊಳಿಸುವುದು, ಗಾಳಿಯನ್ನು ತಣಿಸುವುದು, ಗಾಳಿಯಲ್ಲಿನ ತೇವವನ್ನು ತಳದಲ್ಲಿ ಇಳಿಸಿಕೊಳ್ಳುವುದು ಇದರ ಕೆಲಸಗಳು. ಇದಕ್ಕೆ ಒತ್ತಡವನ್ನು ತೋರಿಸುವ ಮಾಪಕ, ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ರಕ್ಷಣಾ ಕವಾಟ, ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಕವಾಟ, ತಳದ ನೀರನ್ನು ಬಿಡುವ ನಲ್ಲಿ ಈ ನಾಲ್ಕೂ ಇರಬೇಕು. ದೊಡ್ಡ ತೊಟ್ಟಿಯನ್ನು ಹಾಕಿಸಿದರೆ ಹಗಲಿನಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು ರಾತ್ರಿಯಲ್ಲಿ ನೀರೆತ್ತಬಹುದೆಂದು ಕೆಲವರು ಎಣಿಸುವುದುಂಟು. ಇದು ತಪ್ಪು. 200 ಲೀಟರಿನ ತೊಟ್ಟಿಯಲ್ಲಿ 100 ಪೌಂಡಿಗೆ ತುಂಬಿದ ಗಾಳಿಯು 55 ಪೌಂಡಿಗೆ ಇಳಿಯುವಷ್ಟರಲ್ಲಿ ಕೊಡುವುದು ಸುಮಾರು 600 ಲೀಟರು ಗಾಳಿ ಮಾತ್ರ. ಮೇಲಿನ ಉದಾಹರಣೆಯ ಬಾವಿಗೆ ಅದು ಎರಡೂವರೆ ನಿಮಿಷಗಳಿಗೆ ಮುಗಿಯುವುದು. ಕೂಡಿಡಬೇಕಾದುದು ಗಾಳಿಯನ್ನಲ್ಲ, ನೀರನ್ನು.

ಗಾಳಿ ಕೊಳವೆ. ತೊಟ್ಟಿಯಿಂದ ಬಾವಿಯ ಬುಡದವರೆಗೆ ಹೋಗುವ ಈ ಕೊಳವೆಗೆ ಉದಾಹರಣೆಯ ಬಾವಿಯಲ್ಲಿ ಮುಕ್ಕಾಲು ಅಂಗುಲ ಸಾಕು. ಬಾವಿಯೊಳಗೆ ತುಕ್ಕು ಹಿಡಿಯದ ಎಚ್‌ಡಿಪಿಇ ಕೊಳವೆಯೇ ಮೇಲು. ಆದರೆ ಕಂಪ್ರೆಸರಿನಿಂದ ಕಾಯ್ದು ಬರುವ ಗಾಳಿಗೆ ಅದು ಮೆತ್ತಗಾಗಿ ಒಡೆಯುವುದರಿಂದ, ಯಂತ್ರದಿಂದ ತೊಟ್ಟಿಯವರೆಗೂ ಅಲ್ಲಿಂದ ಮುಂದೆ ಕೆಲವು ಅಡಿಗಳವರೆಗೂ ಕಬ್ಬಿಣದ ಕೊಳವೆಯನ್ನೇ ಹಾಕಬೇಕು. ಕೊಳವೆಯ ಮೇಲೆ ನಮೂದಿಸಿರುವ ಒತ್ತಡದ ಮಿತಿಯು ಯಂತ್ರದ ಗರಿಷ್ಠ ಒತ್ತಡಕ್ಕಿಂತ ಹೆಚ್ಚಾಗಿರಬೇಕು. ಕೀಲುಗಳಿಗೆ ಸಾಬೂನಿನ ನೀರನ್ನು ಸವರಿ ನೋಡಿದರೆ ಸೋರಿಕೆಯು ಗುಳ್ಳೆಯಾಗಿ ಕಾಣುವುದು.

ಪಾದಖಂಡ. ಗಾಳಿ ಕೊಳವೆಯು ನೀರು ಕೊಳವೆಗೆ ಸೇರುವ ಬುಡದ ತುಂಡಿದು. ಒಂದೇ ದೊಡ್ಡ ತೂತಿನಿಂದ ಬಿಟ್ಟ ಗಾಳಿಯು ದೊಡ್ಡ ಗುಳ್ಳೆಗಳಾಗಿ ನೀರನ್ನು ಸೀಳಿಕೊಂಡು ಹೋಗುವುದು. ಸಣ್ಣ ಸಣ್ಣ ತೂತುಗಳಿಂದ ಸುತ್ತಲೂ ಬಿಟ್ಟರೆ ಗಾಳಿ ನೀರಿನಲ್ಲಿ ಚೆನ್ನಾಗಿ ಬೆರೆಯುವುದು. ತೂತುಗಳ ಒಟ್ಟು ಬಾಯಿಯು ಗಾಳಿ ಕೊಳವೆಯ ಬಾಯಿಗಿಂತ ಹೆಚ್ಚಾಗಿರಬೇಕು. ಈ ತುಂಡಿನ ಕೆಳಗೆ ಕೆಲವು ಅಡಿ ಬರಿಯ ಕೊಳವೆಯನ್ನು ಜೋಡಿಸದೆ ಬಿಟ್ಟರೆ ಗಾಳಿಯು ಬುಡದಿಂದ ಹೊರಕ್ಕೆ ತಪ್ಪಿಸಿಕೊಂಡು ವ್ಯರ್ಥವಾಗುವುದು.

ನೀರು ಕೊಳವೆ. ನಿಮಿಷಕ್ಕೆ 60 ಲೀಟರು ನೀರಿಗೆ ಒಂದೂವರೆ ಅಂಗುಲದ ಕೊಳವೆ ಸರಿಹೋಗುವುದು. ದೊಡ್ಡ ಕೊಳವೆ ಹಾಕಿದರೆ ಹೆಚ್ಚು ನೀರು ಬರುವುದೆಂಬುದು ಇಲ್ಲಿ ಸಲ್ಲದು. ಕೊಳವೆ ದೊಡ್ಡದಾದಷ್ಟೂ ಗುಳ್ಳೆಗಳು ನೀರಿನ ನಡುವೆ ಜಾರಿಹೋಗಿ ನೀರು ಹಿಂದುಳಿಯುವುದು.

ತಲೆಯ ಪೆಟ್ಟಿಗೆ ಮತ್ತು ನೀರಿನ ತೊಟ್ಟಿ. ನೀರು ಬಾಯಿಗೆ ಬಂದಾಗ ಗಾಳಿಯೊಡನೆ ಭುಸುಗುಟ್ಟುತ್ತ, ಬಿಟ್ಟು ಬಿಟ್ಟು ಬೀಳುವುದು. ಅದನ್ನು ಒಂದು ಸಣ್ಣ ಪೆಟ್ಟಿಗೆಯೊಳಕ್ಕೆ ಬೀಳಿಸಿ ಗಾಳಿಯನ್ನು ಬೇರ್ಪಡಿಸಬೇಕು. ಈ ಯಂತ್ರವು ನೀರನ್ನು ನೆಟ್ಟಗೆ ಎತ್ತಬಲ್ಲುದೇ ಹೊರತು ಅಡ್ಡಲಾಗಿ ದೂರಕ್ಕೆ ತಳ್ಳಲಾರದು. ಆದುದರಿಂದ ಬಾವಿಯ ಮಗ್ಗುಲಲ್ಲಿಯೇ ತೊಟ್ಟಿಯನ್ನು ಕಟ್ಟಿ, ಅಲ್ಲಿಂದ ಇಳಿಜಾರಿನ ಕಡೆಗೆ ನೀರನ್ನು ಹರಿಸಬೇಕು. ತೊಟ್ಟಿಯನ್ನು ಬೇಕಿಲ್ಲದೆ ಎತ್ತರಿಸಿದರೆ ಎತ್ತುವಳಿ ಹೆಚ್ಚಿ ನೀರು ಕುಗ್ಗುವುದು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಗಾಳಿ ತಾಗಿ ಕೆಂಪು ಗಷ್ಟಾಗಿ ಇಳಿಯುವುದರಿಂದ, ಹನಿ ನೀರಾವರಿಗೆ ಬಿಡುವ ಮೊದಲು ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟು ಶೋಧಿಸಬೇಕು.

ದಿನಕ್ಕೆ ದೊರೆಯುವ ನೀರು

ಗಾಳಿಯು ಒಂದು ಮಿತಿಯವರೆಗೆ ಬರುವ ತನಕ ನೀರು ಕೊಳವೆಯಲ್ಲಿ ಏರುವುದೇ ಹೊರತು ಹೊರಕ್ಕೆ ಬೀಳದು. ಹಾಗಾಗಿ ಬೆಳಗಿನ ಎಳೆ ಬಿಸಿಲಿನಲ್ಲಿ ಯಂತ್ರವು ತಿರುಗಿದರೂ ನೀರು ಬಾರದಿದ್ದರೆ ಕೆಟ್ಟಿತೆಂದು ತಿಳಿಯಬಾರದು. ಬೇಸಗೆಯ ತಿಳಿಯಾದ ದಿನದಲ್ಲಿ ಪೂರ್ತಿ ನೀರು ಸುಮಾರು ಐದು ಗಂಟೆಗಳ ಕಾಲ ಬರುವುದೆಂದು ಎಣಿಸಿದರೆ, ನಿಮಿಷಕ್ಕೆ 60 ಲೀಟರಿನಂತೆ ದಿನಕ್ಕೆ 18,000 ಲೀಟರು ಆಯಿತು. ಮೋಡದ ದಿನಗಳಲ್ಲಿ ಇದರ ಅರ್ಧವೂ ದೊರೆಯದಿರಬಹುದು.

18,000 ಲೀಟರೆಂದರೆ ದೊಡ್ಡ ಸಂಖ್ಯೆಯಂತೆ ಕಾಣುವುದು. ಆದರೆ ಒಂದು ಎಕರೆಗೆ ಒಂದಂಗುಲ ನೀರು ನಿಲ್ಲಿಸಲು 1,02,800 ಲೀಟರು ಬೇಕು. ಕಾಲುವೆ ಕಟ್ಟಿ ಮಡಿಗಳಿಗೆ ಹಾಯಿಸಿ ಎರಡಂಗುಲ ಕೊಡಬೇಕಾದರೆ ಒಂದೆಕರೆಗೇ ಹನ್ನೊಂದು ದಿನಗಳು ಹಿಡಿಯುವುವು. ಅಷ್ಟರಲ್ಲಿ ಮೊದಲ ಮಡಿ ಒಣಗಿರುವುದು. ಅದೇ ನೀರನ್ನು ಹನಿ ಕೊಳವೆಗಳಿಂದ ತೆಂಗಿನ ಮರಕ್ಕೆ ದಿನಕ್ಕೆ 60 ಲೀಟರಿನಂತೆ ಕೊಟ್ಟರೆ 300 ಮರಗಳಿಗೆ ಆಗುವುದು. ಎಕರೆಗೆ 70 ಮರಗಳಂತೆ ನಾಲ್ಕು ಎಕರೆಗೆ ಮೀರಿದ ತೋಟವಾಯಿತು. ಆದುದರಿಂದ ಹನಿ ನೀರಾವರಿಯನ್ನು ಇಟ್ಟುಕೊಳ್ಳಲಾರದವರು ಈ ಯಂತ್ರವನ್ನು ಕೊಳ್ಳದಿರುವುದೇ ಒಳಿತು.

ಮುಳುಗುವ ಪಂಪಿನೊಡನೆ ಹೋಲಿಕೆ

ನೀರಿನೊಳಗೇ ಮುಳುಗಿ ತಿರುಗುವ ಪಂಪು, ಎಂದರೆ ಸಬ್‌ಮರ್ಸಿಬಲ್, ಶಕ್ತಿಯ ಮಿತವ್ಯಯದಲ್ಲಿ ಗಾಳಿಯಂತ್ರಕ್ಕಿಂತ ಬಹಳ ಮೇಲು. ಉದಾಹರಣೆಯ ಬಾವಿಯಿಂದ ಅದೇ ನೀರನ್ನು ಎತ್ತಲು ಅದಕ್ಕೆ ಸುಮಾರು 600 ವ್ಯಾಟು ಸಾಕಾದರೆ ಗಾಳಿಯಂತ್ರಕ್ಕೆ ಸುಮಾರು 1,500 ವ್ಯಾಟು ಬೇಕು. ಫಲಕಗಳ ಖರ್ಚೂ ಅದೇ ಪ್ರಮಾಣದಲ್ಲಿ ಹೆಚ್ಚುವುದು. ಆದುದರಿಂದ ಬಾವಿ ನೆಟ್ಟಗಿದ್ದು, ನೀರು ತಿಳಿಯಾಗಿದ್ದು, ಪಂಪಿಗೆ ಸಾಕಷ್ಟು ಒದಗುತ್ತಿದ್ದರೆ ಗಾಳಿಯಂತ್ರದ ಮಾತನ್ನೇ ಎತ್ತಬೇಕಾದುದಿಲ್ಲ.

ಮರಳು ಬರುವ ಬಾವಿ, ಪಂಪು ಇಳಿಯದಂತೆ ಸೊಟ್ಟಗಾದ ಅಥವಾ ಕಿರಿದಾದ ಬಾವಿ, ನೀರು ಕಡಮೆಯಾಗಿ ಮೋಟಾರು ಪದೇ ಪದೇ ಸುಡುವ ಬಾವಿ, ಹತ್ತಿರ ಹತ್ತಿರದಲ್ಲಿ ಅಲ್ಪ ನೀರಿನ ಎರಡು ಮೂರು ಬಾವಿಗಳಿದ್ದು ಒಂದೇ ಯಂತ್ರದಿಂದ ಸರದಿಯಂತೆ ಎತ್ತಬೇಕಾದ ಸಂದರ್ಭ, ಈ ನಾಲ್ಕರಲ್ಲಿ ಗಾಳಿಯಂತ್ರವು ತನ್ನ ಬೆಲೆಯನ್ನು ತೀರಿಸುವುದು.

ಎಚ್ಚರಿಕೆಗಳು

ಗಾಳಿಯ ತೊಟ್ಟಿಯು ಒಡೆದರೆ ಸಿಡಿಮದ್ದಿನಂತೆ ಪ್ರಾಣವನ್ನು ತೆಗೆಯುವುದು. ರಕ್ಷಣಾ ಕವಾಟವು ಗಾಳಿಯನ್ನು ಬಿಡುತ್ತಿದೆಯೆಂದು ಅದನ್ನು ಬಿಗಿದು ಮುಚ್ಚುವುದಾಗಲಿ, ತುಕ್ಕು ಹಿಡಿದ ತೊಟ್ಟಿಗೆ ಊರಿನ ಬೆಸುಗೆಯವನಿಂದ ತೇಪೆ ಹಾಕಿಸುವುದಾಗಲಿ ಎಂದಿಗೂ ಕೂಡದು. ತಿರುಗುವ ಪಟ್ಟಿಗೆ ಜಾಲರಿಯ ಮರೆಯಿರಬೇಕು. ಪಂಚೆಯ ಅಂಚು, ಸೀರೆಯ ಸೆರಗು, ಮಕ್ಕಳ ಕೈ ಅದಕ್ಕೆ ಸಿಕ್ಕಬಾರದು. ಮನೆಯ ವಿದ್ಯುತ್ತನ್ನು ಗುಂಡಿಯೊತ್ತಿ ನಿಲ್ಲಿಸುವಂತೆ ಫಲಕಗಳ ವಿದ್ಯುತ್ತನ್ನು ನಿಲ್ಲಿಸಲಾಗದು. ಬಿಸಿಲಿರುವ ತನಕ ಫಲಕಗಳಿಂದ ಬರುವ ತಂತಿಗಳಲ್ಲಿ ಇನ್ನೂರು ಮುನ್ನೂರು ವೋಲ್ಟು ಇದ್ದೇ ಇರುವುದು. ರಿಪೇರಿಯಾಗಬೇಕಾದರೆ ಫಲಕಗಳನ್ನು ದಪ್ಪ ಟಾರ್ಪಾಲಿನಿಂದ ಮುಚ್ಚಿ, ಬಲ್ಲವರಿಂದಲೇ ಮಾಡಿಸಬೇಕು. ಚೌಕಟ್ಟಿಗೂ ಮೋಟಾರಿಗೂ ಭೂಮಿಗೆ ತಂತಿಯನ್ನು ಇಳಿಸಿರಬೇಕು. ಎಣ್ಣೆ ಹಾಕುವ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ಅಂಶವು ಬೆರೆತು ನೀರಿಗೆ ಸೇರುವುದರಿಂದ, ಕುಡಿಯುವ ನೀರಿನ ಬಾವಿಗೆ ಎಣ್ಣೆಯಿಲ್ಲದೆ ನಡೆಯುವ ಯಂತ್ರವನ್ನೇ ಉಪಯೋಗಿಸಬೇಕು.

ಪಾಲನೆಯ ಕ್ರಮ

ದಿನಂಪ್ರತಿ: ಸಂಜೆ ಯಂತ್ರ ನಿಂತ ಮೇಲೆ ಗಾಳಿಯ ತೊಟ್ಟಿಯ ತಳದ ನಲ್ಲಿಯನ್ನು ತೆರೆದು ನೀರನ್ನು ಬಿಡಬೇಕು. ಹಾಗೆ ಬಿಡದಿದ್ದರೆ ತೊಟ್ಟಿಯು ಒಳಗಿನಿಂದ ತುಕ್ಕು ತಿಂದು, ಹೊರಗೆ ಬಣ್ಣ ಮಾಸದೆ ಇರುವಾಗಲೇ ದುರ್ಬಲವಾಗುವುದು. ಬೆಳಗ್ಗೆ ಎಣ್ಣೆಯ ಮಟ್ಟವನ್ನು ನೋಡಬೇಕು.

ವಾರಕ್ಕೊಮ್ಮೆ: ಫಲಕಗಳನ್ನು ಬೆಳಗಿನ ತಂಪಿನಲ್ಲಿ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಕಾಯ್ದ ಗಾಜಿನ ಮೇಲೆ ತಣ್ಣೀರನ್ನು ಹೊಯ್ಯಬಾರದು. ಗಾಳಿಯ ಶೋಧಕವನ್ನು ಕೊಡವಿ ಶುದ್ಧಮಾಡಬೇಕು.

ತಿಂಗಳಿಗೊಮ್ಮೆ: ಪಟ್ಟಿಯ ಬಿಗಿ, ಕೀಲುಗಳ ಸೋರಿಕೆ, ರಕ್ಷಣಾ ಕವಾಟ ಸಡಿಲವಾಗಿ ಎದ್ದು ಬರುತ್ತದೆಯೇ ಎಂಬುದು, ಇವುಗಳನ್ನು ಪರೀಕ್ಷಿಸಬೇಕು. ಎಣ್ಣೆಯನ್ನು ತಯಾರಕರು ಹೇಳಿದ ಗಂಟೆಗಳಿಗೆ ಸರಿಯಾಗಿ ಬದಲಾಯಿಸಬೇಕು.

ಮಾಪಕವೇ ಬಾವಿಯ ಕಣ್ಣು

ಈ ಏರ್ಪಾಡಿನಲ್ಲಿ ಇನ್ನಾವ ಪಂಪಿನಲ್ಲಿಯೂ ಇಲ್ಲದ ಅನುಕೂಲವೊಂದುಂಟು. ಗಾಳಿ ಕೊಳವೆಯು ಹೋಗುವ ಆಳ ಗೊತ್ತಿರುವುದರಿಂದ, ಬಾವಿಯೊಳಕ್ಕೆ ಹಗ್ಗವನ್ನು ಬಿಡದೆಯೇ ನೀರಿನ ಮಟ್ಟವನ್ನು ತಿಳಿಯಬಹುದು. ನೀರು ಬೀಳುತ್ತಿರುವಾಗ ಗಾಳಿಯನ್ನು ಥಟ್ಟನೆ ನಿಲ್ಲಿಸಿ, ಬಾವಿಗೆ ಹೋಗುವ ಕೊಳವೆಯ ಮೇಲಣ ಮಾಪಕದ ಮುಳ್ಳು ಇಳಿದು ಸ್ಥಿರವಾಗಿ ನಿಲ್ಲುವ ಅಂಕವನ್ನು ನೋಡಬೇಕು. ಅದನ್ನು 0.433ರಿಂದ ಭಾಗಿಸಿದರೆ ಮುಳುಗಡೆಯು ಅಡಿಗಳಲ್ಲಿ ದೊರೆಯುವುದು. ಮುಳ್ಳು 52ರಲ್ಲಿ ನಿಂತರೆ ಮುಳುಗಡೆ 120 ಅಡಿ. ಕೊಳವೆಯ ಆಳ 200 ಅಡಿಯಾದುದರಿಂದ ನೀರು 80 ಅಡಿಯಲ್ಲಿದೆ. ಮುಂದಿನ ವರ್ಷ ಅದೇ ತಿಂಗಳಿನಲ್ಲಿ ಮುಳ್ಳು 39ರಲ್ಲಿ ನಿಂತರೆ ಮುಳುಗಡೆ 90 ಅಡಿಗೆ ಇಳಿಯಿತು. ನೀರು 110 ಅಡಿಗೆ ಹೋಯಿತು. ಇದು ಬಾವಿಯು ಕೊಡುವ ಎಚ್ಚರಿಕೆ.

ತಿಂಗಳಿಗೊಮ್ಮೆ ಈ ಅಂಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ರೈತನು ಬಾವಿ ಬತ್ತುವುದಕ್ಕೆ ಎರಡು ಮೂರು ವರ್ಷಗಳ ಮೊದಲೇ ಅದನ್ನು ತಿಳಿಯಬಲ್ಲನು. ಆಗ ಬೆಳೆಯನ್ನು ಬದಲಿಸುವುದಕ್ಕೂ, ಕೃಷಿಹೊಂಡವನ್ನು ತೆಗೆಯಿಸುವುದಕ್ಕೂ, ಮಳೆಯ ನೀರನ್ನು ಬಾವಿಯ ಸುತ್ತ ಇಂಗಿಸುವುದಕ್ಕೂ ಅವಕಾಶವಿರುವುದು. ಬರೆದಿಡದವನಿಗೆ ನೀರು ನಿಂತ ದಿನವೇ ಸುದ್ದಿ ತಿಳಿಯುವುದು. ಆಗ ಉಳಿಯುವ ದಾರಿ ಮತ್ತೊಂದು ಸಾಲ, ಮತ್ತೊಂದು ಬಾವಿ. ಬಿಸಿಲಿಗೆ ಬೆಲೆಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಬೇಕಿಲ್ಲದ ನೀರನ್ನೆತ್ತಿ ಚೆಲ್ಲುವುದರಿಂದ ಆ ದಿನವು ಬೇಗನೆ ಬರುವುದಷ್ಟೆ. ಯಾವ ಯಂತ್ರವಾದರೂ ನೆಲದೊಳಗಿರುವ ನೀರನ್ನು ಮೇಲಕ್ಕೆ ತರಬಲ್ಲುದಲ್ಲದೆ ಇಲ್ಲದ ನೀರನ್ನು ಉಂಟುಮಾಡಲಾರದು.

ಕೊಳ್ಳುವುದಕ್ಕೆ ಮೊದಲು ನಿಂತ ನೀರಿನ ಮಟ್ಟ, ಎತ್ತುವಾಗಿನ ಮಟ್ಟ, ಬಾವಿಯ ಆಳ, ನಿಮಿಷಕ್ಕೆ ಬರುವ ನೀರು, ಈ ನಾಲ್ಕು ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಆಲೋಚನೆ ಕೇಳುವುದು ಉಚಿತ. ಈ ನಾಲ್ಕನ್ನೂ ಕೇಳದೆ ಯಂತ್ರವನ್ನು ಮಾರಲು ಬರುವವನಿಂದ ಯಾವುದನ್ನೂ ಕೊಳ್ಳಕೂಡದು.